ಸವತಿಯ ಆರು ಬೋಲ್ಟುಗಳು

ಮನೆ ಅಳಿಯನಾದವನು ಊಟದ ಹೊತ್ತಿನಲ್ಲಿ ಬಾಯಿ ತೆರೆಯಬೇಕಾದ್ದು ತುತ್ತಿಗೆ ಮಾತ್ರ. ಈ ಸತ್ಯ ಲೆನ್ಸಪ್ಪನಿಗೆ ಮದುವೆಯಾದ ವರ್ಷವೇ ಅರಿವಾಗಿತ್ತು. ಅಷ್ಟು ವರ್ಷ ನಿಷ್ಠೆಯಿಂದ ಪಾಲಿಸಿಕೊಂಡು ಬಂದ ವ್ರತ ಆ ಭಾನುವಾರ ಮಧ್ಯಾಹ್ನ ಭಂಗವಾಯಿತು. ಕಾರಣ, ಅವನ ಷಡ್ಡಕ.

ಲೆನ್ಸಪ್ಪ ಅನ್ನುವುದು ಬೀದಿಯವರು ಇಟ್ಟ ಹೆಸರು. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಅವನು ಬಲಗಣ್ಣಿಗೆ ಒಂದು ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ತಿರುಗಿಸುತ್ತಾ ದಿನ ಕಳೆಯುತ್ತಿದ್ದ. ಆ ಗಾಜು ಕಣ್ಣಿನಲ್ಲಿರುವುದನ್ನೇ ಮರೆತು ಬೀದಿಗಿಳಿದು, ಎದುರಿಗೆ ಬಂದವರ ಮೂಗನ್ನಷ್ಟೇ ಗುರುತಿಸಿ ನಮಸ್ಕಾರ ಮಾಡುತ್ತಿದ್ದದ್ದೂ ಉಂಟು. ಸ್ಕ್ರೂ ವಿದ್ಯೆಯಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂಬುದು ಅವನ ನಂಬಿಕೆ. ಯಾರೂ ಆ ವಿದ್ಯೆಯಲ್ಲಿ ಪೈಪೋಟಿಗೆ ಇಳಿದಿರಲಿಲ್ಲವಾದ್ದರಿಂದ ನಂಬಿಕೆ ಭದ್ರವಾಗಿಯೇ ಇತ್ತು.

ಷಡ್ಡಕ, ಅಂದರೆ ನಾದಿನಿಯ ಗಂಡ, ಹೊಸ ಕಾರು ಮಾರುವ ಷೋರೂಮಿನಲ್ಲಿ ಮ್ಯಾನೇಜರು. ಇಸ್ತ್ರಿ ಹಾಕಿದ ಅಂಗಿಯೊಳಗೇ ಹುಟ್ಟಿದವನ ಹಾಗೆ ಇರುತ್ತಿದ್ದ. ಊಟಕ್ಕೆ ಬಂದವನು ಕೈ ತೊಳೆಯುತ್ತಾ ಹಿತ್ತಲಿನ ಷೆಡ್ಡಿನ ಕಡೆ ನೋಡಿದ.

"ಅತ್ತೆ, ಆ ಡಬ್ಬಾನ ಇನ್ನೂ ಯಾಕೆ ಇಟ್ಕೊಂಡಿದೀರಿ? ನನಗೆ ಗೊತ್ತಿರೋ ಗುಜರಿಯವನೊಬ್ಬ ಇದಾನೆ. ಮುಂದಿನ ಭಾನುವಾರ ಕರ್ಕೊಂಡು ಬರ್ತೀನಿ. ಎಳ್ಕೊಂಡು ಹೋಗ್ಲಿ."

ಡಬ್ಬಾ ಎಂದರೆ ತೀರಿಕೊಂಡ ಮಾವನವರ ಹಳೆಯ ಕಾರು. ಅದು ನಿಂತು ಎಷ್ಟು ಕಾಲವಾಗಿತ್ತೆಂದರೆ, ಈಗ ಊಟಕ್ಕೆ ಕೂತಿದ್ದ ನಾದಿನಿ ಅದು ಓಡಿದ್ದನ್ನು ಒಂದು ಸಲವೂ ಕಂಡಿರಲಿಲ್ಲ. ಆದರೂ ಮಾವನವರು ಬದುಕಿರುವ ತನಕ ಪ್ರತಿ ಭಾನುವಾರ ಅದನ್ನು ಒರೆಸಿದ್ದೇ ಒರೆಸಿದ್ದು. ಅತ್ತೆ ಅದಕ್ಕೆ ಇಟ್ಟ ಹೆಸರು ಸವತಿ.

"ತೊಲಗಲಿ ಸವತಿ," ಎಂದರು ಅತ್ತೆ ಬಡಿಸುವ ಸೌಟನ್ನು ಷೆಡ್ಡಿನ ಕಡೆ ತೋರಿಸಿ. "ನಿಮ್ಮ ಮಾವ ನನ್ನ ಮುಖ ನೋಡಿದ್ದಕ್ಕಿಂತ ಅದರ ಮುಖ ನೋಡಿದ್ದೇ ಜಾಸ್ತಿ. ಓಡ್ತಿದ್ದಾಗ್ಲೂ ಒರೆಸಿದ್ರು, ನಿಂತ ಮೇಲೂ ಒರೆಸಿದ್ರು. ನಾನು ಯಾವ ಬಣ್ಣದ ಸೀರೆ ಉಟ್ಟಿದೀನಿ ಅಂತ ಕಣ್ಣು ಮುಚ್ಚಿಸಿ ಕೇಳಿದ್ದಿದ್ರೆ ಆ ಮನುಷ್ಯ ಫೇಲು!"

ಎಲ್ಲರೂ ನಕ್ಕರು. ಲೆನ್ಸಪ್ಪ ಮಾತ್ರ ಎತ್ತಿದ ತುತ್ತನ್ನು ಮತ್ತೆ ಎಲೆಗೆ ಹಾಕಿದ. ಮಾವನವರು ಕೊನೆಯ ದಿನಗಳಲ್ಲಿ ಅವನ ಕೈ ಹಿಡಿದುಕೊಂಡು, "ಕಾರನ್ನ ಗುಜರಿಗೆ ಹಾಕ್ಬೇಡಪ್ಪಾ. ಒಂದು ದಿನ ಸರಿ ಮಾಡಿ ನಿಮ್ಮತ್ತೇನ ಕೂರಿಸ್ಕೊಂಡು ಹೋಗ್ಬೇಕು ಅಂತಿತ್ತು, ನನ್ನ ಕೈಲಿ ಆಗ್ಲಿಲ್ಲ. ನೀನು ಮಾಡು," ಎಂದಿದ್ದರು. ಇವನು ಆಗಲಿ ಮಾವ ಎಂದಿದ್ದ. ಮನೆಯಲ್ಲಿ ಇವನನ್ನು ಒಂದು ದಿನವೂ ಮನೆ ಅಳಿಯ ಎಂದು ಕಾಣದೇ ಇದ್ದವರು ಅವರೊಬ್ಬರೇ. ಆ ಮಾತು ಕೊಟ್ಟ ಮೇಲೆ ಇವನು ಷೆಡ್ಡಿನ ಬಾಗಿಲನ್ನೂ ತೆಗೆದಿರಲಿಲ್ಲ ಎಂಬುದು ಬೇರೆ ಮಾತು.

"ಕಾರು ಗುಜರಿಗೆ ಹೋಗಲ್ಲ," ಎಂದುಬಿಟ್ಟ ಲೆನ್ಸಪ್ಪ. "ನಾನು ರಿಪೇರಿ ಮಾಡಿಸ್ತೀನಿ. ಅದೂ ಒರಿಜಿನಲ್ ಭಾಗಗಳನ್ನೇ ಹಾಕಿಸಿ."

ಒರಿಜಿನಲ್ ಎಂಬ ಮಾತು ಅವನ ಬಾಯಿಗೆ ಎಲ್ಲಿಂದ ಬಂತೋ ಅವನಿಗೇ ಗೊತ್ತಿಲ್ಲ. ಷಡ್ಡಕ ನೀರು ಕುಡಿಯುತ್ತಿದ್ದವನು ನೆತ್ತಿಗೇರಿಸಿಕೊಂಡ.

"ಒರಿಜಿನಲ್ಲೇ? ಷಡ್ಡಕರೇ, ಆ ಕಂಪನಿ ಮುಚ್ಚಿ ಅದರ ಗೋಡೆಗಳೂ ಬಿದ್ದುಹೋಗಿವೆ!"

"ಅದು ನನಗಿರಲಿ," ಎಂದ ಲೆನ್ಸಪ್ಪ, ಏನಿರಲಿ ಎಂದು ತಿಳಿಯದೆ.

ಅತ್ತೆ ನ್ಯಾಯ ತೀರ್ಮಾನ ಮಾಡಿದರು. "ಮುಂದಿನ ಭಾನುವಾರದವರೆಗೆ ಟೈಮು ಕೊಟ್ಟಿದೀನಿ ಅಳಿಯಂದ್ರೇ. ಅಷ್ಟರಲ್ಲಿ ಅದು ಒಂದು ಸಲ ಕೆಮ್ಮಿದ್ರೂ ಸಾಕು, ಇರಲಿ. ಇಲ್ಲಾಂದ್ರೆ ಗುಜರಿ."

ಮಾರನೆಯ ದಿನವೇ ಸ್ಕೂಟರ್ ಡಾಕ್ಟರು ಬಂದ. ಅವನು ನಿಜಕ್ಕೂ ಸ್ಕೂಟರ್ ಮೆಕ್ಯಾನಿಕ್ಕು. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಇಟ್ಟು ರೋಗ ಹೇಳುತ್ತಿದ್ದರಿಂದ ಆ ಬಿರುದು ಬಂದಿತ್ತು. ಇಷ್ಟು ಹಳೆಯ ಕಾರನ್ನು ಅವನು ಜನ್ಮದಲ್ಲಿ ಬಿಚ್ಚಿರಲಿಲ್ಲ. "ಇದೂ ಅದೇ ಸಾರ್, ಚಕ್ರ ಎರಡು ಜಾಸ್ತಿ ಅಷ್ಟೇ," ಎಂದು ಧೈರ್ಯ ಹೇಳಿ ಬಾನೆಟ್ಟು ಎತ್ತಿದ. ಸ್ಕ್ರೂಡ್ರೈವರನ್ನು ಕಿವಿಗಿಟ್ಟು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡು ಆಲಿಸಿದ.

"ಇಂಜಿನ್ ಓಡ್ತಾನೇ ಇಲ್ಲವಲ್ಲ, ಏನು ಕೇಳಿಸ್ತಿದೆ?" ಎಂದಳು ಲೆನ್ಸಪ್ಪನ ಹೆಂಡತಿ.

"ಅದೇ ಅಮ್ಮಾ, ಏನೂ ಕೇಳಿಸ್ತಿಲ್ಲ. ಅದೇ ರೋಗ."

ಆಮೇಲೆ ಕಣ್ಣು ತೆರೆದು ನೋಡಿದಾಗ ನಿಜವಾದ ರೋಗ ಕಂಡಿತು. ಇಂಜಿನ್ನಿನ ಮೇಲುಭಾಗವನ್ನು ಕೆಳಭಾಗಕ್ಕೆ ಬಿಗಿಯುವ ಹತ್ತು ಉದ್ದ ಬೋಲ್ಟುಗಳಲ್ಲಿ ನಾಲ್ಕೇ ಇದ್ದವು. ಉಳಿದ ಆರು ಜಾಗದಲ್ಲಿ ತೂತುಗಳು, ತೂತುಗಳಿಗೆ ಮಾವನವರೇ ತುರುಕಿದ ಎಣ್ಣೆಬಟ್ಟೆಯ ಬಿರಡೆಗಳು. ಡಾಕ್ಟರು ಇದ್ದುದರಲ್ಲಿ ಒಂದನ್ನು ಬಿಚ್ಚಿ ಲೆನ್ಸಪ್ಪನ ಕೈಯಲ್ಲಿಟ್ಟ. ಲೆನ್ಸಪ್ಪ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ನೋಡಿದ. ಬೋಲ್ಟಿನ ತಲೆಯ ಮೇಲೆ ಪುಟ್ಟದೊಂದು ನಕ್ಷತ್ರ ಒತ್ತಿತ್ತು.

"ಇದು ಹಳೇ ಇಂಚಿನ ಲೆಕ್ಕದ್ದು ಸಾರ್. ಈಗಿನದು ಇದರೊಳಗೆ ಕೂರಲ್ಲ. ಬಲವಂತ ಮಾಡಿದ್ರೆ ಇಂಜಿನ್ ಸತ್ತೇ ಹೋಗುತ್ತೆ. ಇಂಥದ್ದೇ ಆರು ತನ್ನಿ, ಮಿಕ್ಕಿದ್ದು ನನಗೆ ಬಿಡಿ."

"ಸ್ಕ್ರೂ ವಿಷಯ ನನಗೆ ಹೇಳ್ಬೇಡಿ," ಎಂದ ಲೆನ್ಸಪ್ಪ ಗಂಭೀರವಾಗಿ.

ಮಾದರಿ ಬೋಲ್ಟಿಗೆ ಗೀರು ಬೀಳಬಾರದೆಂದು ಅದನ್ನು ಗಾಜು ಒರೆಸುವ ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಒಂದು ಕನ್ನಡಕದ ಡಬ್ಬಿಯೊಳಗೆ ಮಲಗಿಸಿಕೊಂಡು ಹಾರ್ಡ್‌ವೇರ್ ಅಂಗಡಿಗೆ ನಡೆದ. ಅಂಗಡಿಯವನು ತಾಳ್ಮೆಯ ಮನುಷ್ಯ. ಒಳಗಿನಿಂದ ಬೋಲ್ಟುಗಳ ಮೂಟೆಗಳನ್ನು ಹೊತ್ತು ತಂದು ಸುರಿದ. ಲೆನ್ಸಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಒಂದೊಂದನ್ನೂ ಕಣ್ಣಿಗೆ ಹಿಡಿದು ಪಕ್ಕಕ್ಕಿಡತೊಡಗಿದ. ಕೊಳ್ಳಲು ಬಂದವರೆಲ್ಲ ಅವನನ್ನು ದಾಟಿಕೊಂಡು ಹೋಗಬೇಕಾಯಿತು.

ಬಹಳ ಹುಡುಕಿ ಅಂಗಡಿಯವನೇ ಒಂದನ್ನು ಎತ್ತಿ ಕೊಟ್ಟ. "ತಗೊಳ್ಳಿ ಸಾರ್, ಹಳೇ ಇಂಚಿಂದೇ. ಯಾವ ಕಾಲದ್ದೋ ಒಂದು ಉಳಿದಿದೆ. ಉದ್ದ ಸರಿ, ದಪ್ಪ ಸರಿ."

ಲೆನ್ಸಪ್ಪ ತಿರುಗಿಸಿ ನೋಡಿದ. "ನಕ್ಷತ್ರ ಇಲ್ಲ."

"ನಕ್ಷತ್ರ ಯಾಕೆ ಸಾರ್? ಬೋಲ್ಟಿಗೆ ಜಾತಕ ನೋಡ್ತೀರಾ?"

"ಒರಿಜಿನಲ್ಲೇ ಬೇಕು," ಎಂದ ಲೆನ್ಸಪ್ಪ. ಆದರೂ ಇಷ್ಟು ಹೊತ್ತು ಕಾಯಿಸಿದ ಸಂಕೋಚಕ್ಕೆ ಅದೊಂದನ್ನು ಕೊಂಡು ಜೇಬಿಗೆ ಹಾಕಿಕೊಂಡ.

ಅಂದು ಸಂಜೆ ಅವನ ಅಂಗಡಿಯಿಂದ ನಿವೃತ್ತ ನ್ಯಾಯಾಧೀಶರೊಬ್ಬರು ಹೊಸ ಕನ್ನಡಕ ಒಯ್ದರು. ಅಲ್ಲಿಂದ ನೇರ ವಾಚನಾಲಯದ ಸಭೆಗೆ ಹೋಗಿ, ಭಾಷಣದ ಹಾಳೆ ಬಿಡಿಸಿ, ಗಂಟಲು ಸರಿಮಾಡಿಕೊಂಡು ಡಬ್ಬಿ ತೆರೆದರು. ಸಭೆಯ ಕಣ್ಣೆಲ್ಲ ಅವರ ಮೇಲೇ ಇತ್ತು. ಅವರು ಒಳಗಿದ್ದುದನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಭಾಷಣ ಬಿಟ್ಟು ಲೆನ್ಸಪ್ಪನ ಅಂಗಡಿಗೆ ವಾಪಸು ಬಂದರು.

"ಅಲ್ಲಯ್ಯಾ, ಇದನ್ನ ಮೂಗಿಗೆ ಸಿಕ್ಕಿಸ್ಕೋಬೇಕೋ, ಕಿವಿಗೋ?"

ಲೆನ್ಸಪ್ಪ ಬೋಲ್ಟನ್ನು ಕಸಿದುಕೊಂಡು ಎದೆಗವಚಿಕೊಂಡ. "ಬದುಕಿದೆ ಸಾರ್! ಇದು ಕಳೆದಿದ್ರೆ ಮಾವನವರಿಗೆ ಏನಂತ ಮುಖ ತೋರಿಸ್ತಿದ್ದೆ!" ಎಂದ. ಲೆನ್ಸಪ್ಪನ ಮಾವ ತೀರಿಕೊಂಡು ಎಷ್ಟೋ ಕಾಲವಾಗಿದೆ ಎಂದು ನ್ಯಾಯಾಧೀಶರಿಗೆ ಗೊತ್ತಿತ್ತು. ಅವರು ಕನ್ನಡಕ ತೆಗೆದುಕೊಂಡು, ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ವಿಷಯ ತಿಳಿಸಿ ಮನೆ ಸೇರಿದರು.

ವಾರ ಅರ್ಧ ಕಳೆಯುವಷ್ಟರಲ್ಲಿ ಲೆನ್ಸಪ್ಪನಿಗೆ ಲೋಕವೇ ಬೋಲ್ಟುಮಯವಾಗಿ ಕಾಣತೊಡಗಿತು. ಕ್ಷೌರಕ್ಕೆ ಕೂತವನು ಅರ್ಧ ಮುಖದ ನೊರೆಯೊಂದಿಗೇ ಕೆಳಗಿಳಿದು ಕುರ್ಚಿಯ ತಳ ಪರೀಕ್ಷಿಸಿದ. ಬಸ್ ನಿಲ್ದಾಣದ ಕಂಬಗಳನ್ನು ನೋಡಿದ. ಪಾರ್ಕಿನಲ್ಲಿ ಜನ ಕೂತಿರುವಾಗಲೇ ಬೆಂಚುಗಳ ಅಡಿಗೆ ತಲೆ ತೂರಿಸಿದ. ಒಬ್ಬಾಕೆ ಕಿರುಚಿಕೊಂಡರು. "ನೀವು ಕೂತಿರಿ ಅಮ್ಮಾ, ನನಗೆ ಬೇಕಾದ್ದು ನಿಮ್ಮ ಹತ್ರ ಇಲ್ಲ," ಎಂದು ಲೆನ್ಸಪ್ಪ ಸಮಾಧಾನ ಹೇಳಿದ್ದರಿಂದ ಗಲಾಟೆ ಇನ್ನಷ್ಟು ಜೋರಾಯಿತು. ಎದುರುಮನೆಯಾಕೆ ತಮ್ಮ ಗೇಟಿನ ಬೋಲ್ಟುಗಳಿಗೆ ಗೋಣಿಚೀಲ ಕಟ್ಟಿದರು.

ಶುಕ್ರವಾರ ಪಾರ್ಕಿನ ಒಂದು ಬೆಂಚು ಇಬ್ಬರು ವೃದ್ಧರನ್ನು ಹೊತ್ತಿದ್ದಂತೆಯೇ ಕುಸಿಯಿತು. ವೃದ್ಧರಿಗೆ ಏನೂ ಆಗಲಿಲ್ಲ. ಬೆಂಚಿನ ಒಂದು ಬೋಲ್ಟು ಮಾತ್ರ ಕಾಣೆಯಾಗಿತ್ತು. ಯಾರ ಹೆಸರು ಬಂತೆಂದು ಹೇಳಬೇಕಾಗಿಲ್ಲ.

ಶನಿವಾರ ಬೆಳಿಗ್ಗೆ ಪಾರ್ಕಿನ ಮೇಲ್ವಿಚಾರಕರು ವಿಚಾರಣೆಗೆಂದು ಮನೆಗೇ ಬಂದರು. ಹಿಂದೆಯೇ ಸಾಕ್ಷಿ ಹೇಳಲು ಎದುರುಮನೆಯಾಕೆ ಬಂದರು. ಅತ್ತೆ ಗಡಿಬಿಡಿಯಲ್ಲಿ ಬೆಂಚು ಒರೆಸಿದರು.

"ಕೂತ್ಕೊಳ್ಳಿ ಸಾರ್, ಕೂತ್ಕೊಳ್ಳಿ. ಈ ಬೆಂಚಿನ ಮೇಲೆ ಕೂತ್ಕೊಳ್ಳಿ. ಈ ಮನೇಲಿ ಅಲ್ಲಾಡದೇ ಇರೋದು ಅಂದ್ರೆ ಇದೊಂದೇ. ನಮ್ಮೆಜಮಾನ್ರೇ ರಿಪೇರಿ ಮಾಡಿದ್ದು."

ಮೇಲ್ವಿಚಾರಕರು ತಮ್ಮ ಅಧಿಕಾರದ ಭಾರವನ್ನೆಲ್ಲ ಬೆಂಚಿನ ಮೇಲಿಟ್ಟು ಪೆನ್ನು ತೆಗೆದರು. "ಪಾರ್ಕಿನ ಬೆಂಚಿನ ಕೆಳಗೆ ನೀವು ತಲೆ ಹಾಕಿದ್ದು ನಿಜಾನಾ?"

"ನಿಜ ಸಾರ್. ಆದ್ರೆ ನಾನು ಮುಟ್ಟಲಿಲ್ಲ. ಅದು ಒರಿಜಿನಲ್ ಅಲ್ಲ."

"ಏನು? ನಮ್ಮ ಪಾರ್ಕಿನ ಬೆಂಚು ಡೂಪ್ಲಿಕೇಟ್ ಅಂತೀರಾ?"

ಕೋಪದಲ್ಲಿ ಅವರು ಕೈ ಬೀಸಿದಾಗ ಪೆನ್ನು ಜಾರಿ ಬಿತ್ತು. ಉರುಳಿ ಬೆಂಚಿನ ಕೆಳಗೆ ಹೋಯಿತು. ಎತ್ತಿಕೊಡಲು ಲೆನ್ಸಪ್ಪ ನೆಲಕ್ಕೆ ಮಲಗಿ ಕೆಳಗೆ ತೂರಿದ. ಎಂದಿನಂತೆ ಬಲಗಣ್ಣಿಗೆ ಗಾಜು ಇತ್ತು. ಬೆಂಚಿನ ಅಡಿಯಿಂದ ಮನೆಯ ಹೆಂಚು ಹಾರುವಂಥ ಕೂಗು ಬಂತು.

"ನಕ್ಷತ್ರ! ಅತ್ತೆ, ನಕ್ಷತ್ರ!"

"ಹಗಲಲ್ಲೇ ನಕ್ಷತ್ರ ಕಾಣ್ತಿದೆ ಅಂದ್ರೆ..." ಎಂದು ಎದುರುಮನೆಯಾಕೆ ಬಾಗಿಲ ಕಡೆ ಸರಿದರು.

ಲೆನ್ಸಪ್ಪ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ವಾರದಿಂದ ಜೇಬಿನಲ್ಲೇ ಇಟ್ಟುಕೊಂಡಿದ್ದ ಸ್ಪ್ಯಾನರು ಕೈಗೆ ಬಂತು. ಬೆಂಚಿನ ಮೇಲೆ ಒಬ್ಬ ಅಧಿಕಾರಿ ಕೂತಿದ್ದಾರೆ ಎಂಬುದು ಅವನಿಗೆ ಸಂಪೂರ್ಣ ಮರೆತುಹೋಯಿತು. ಒಂದು ಬೋಲ್ಟು ಬಿಚ್ಚಿದ, ಇನ್ನೊಂದೂ ಬಿಚ್ಚಿದ. ಮೇಲ್ವಿಚಾರಕರು ಕುಳಿತ ಭಂಗಿ ಒಂದಿಷ್ಟೂ ಕೆಡದಂತೆ ನೆಲಕ್ಕಿಳಿದರು.

"ಕಣ್ಣೆದುರಿಗೇ! ನಾನು ಕೂತಿರುವಾಗಲೇ!" ಎಂದು ಅವರು ನೆಲದ ಮೇಲಿಂದಲೇ ಗುಡುಗಿದರು. ಎರಡೂ ಬೋಲ್ಟುಗಳನ್ನು ಸಾಕ್ಷಿಗೆಂದು ಕಸಿದುಕೊಂಡು, ಸೊಂಟ ಹಿಡಿದುಕೊಂಡು ಹೊರಟುಹೋದರು.

ಲೆನ್ಸಪ್ಪ ಅವರ ಹಿಂದೆ ಓಡಲಿಲ್ಲ. ಮನೆಯೊಳಗೆ ಓಡಿದ. ಅತ್ತೆಯ ಮಂಚದ ಕೆಳಗೆ ತೂರಿದ. ಅಲ್ಲಿ ಎರಡು ನಕ್ಷತ್ರ, ಎರಡನ್ನೂ ಬಿಚ್ಚಿದ. ಅಡುಗೆಮನೆಯ ಪಾತ್ರೆ ಶೆಲ್ಫನ್ನು ಗೋಡೆಗೆ ಬಿಗಿದಿದ್ದ ಬೋಲ್ಟಿನಲ್ಲಿ ಒಂದು.

"ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ," ಎಂದಳು ಹೆಂಡತಿ. "ಅಪ್ಪನೇ ಕಾರಿಂದ ಕಿತ್ತು ಮನೆಗೆ ಹಾಕಿದಾರೆ ಕಣ್ರೀ!"

"ಅವರು ಯಾಕೆ ಕೀಳ್ತಾರೆ? ಪ್ರಾಣ ಇತ್ತಲ್ಲ ಅದರ ಮೇಲೆ," ಎಂದ ಲೆನ್ಸಪ್ಪ.

ಅತ್ತೆ ಸೊಟ್ಟಗಾದ ಮಂಚದ ತುದಿಯಲ್ಲಿ ಕೂತು ಒಂದು ಬೋಲ್ಟನ್ನು ಕೈಗೆ ತೆಗೆದುಕೊಂಡರು.

"ಮಂಚ ಕಿರ್ರ್ ಅನ್ನುತ್ತೆ, ಈಗಲೇ ಸರಿ ಮಾಡಿ ಅಂತ ಹಟ ಹಿಡಿದಿದ್ದೆ," ಎಂದರು. "ಅಂಗಡಿ ಮುಚ್ಚಿದೆ ಕಣೇ, ಬೆಳಿಗ್ಗೆ ತರ್ತೀನಿ ಅಂದ್ರು. ಬೆಳಿಗ್ಗೆವರೆಗೂ ನಿಂತ್ಕೊಂಡೇ ಇರ್ಲಾ ಅಂದೆ. ಎದ್ದು ಹಿತ್ತಲಿಗೆ ಹೋದ್ರು, ಬೋಲ್ಟು ತಂದ್ರು. ಎಲ್ಲಿ ಸಿಕ್ತು ಅಂದ್ರೆ, ಇತ್ತು ಅಂದ್ರು. ಶೆಲ್ಫು ಬಿದ್ದಾಗ್ಲೂ ಅಷ್ಟೇ. ಇತ್ತು ಅಂದ್ರು. ನಾನು ಯಾವತ್ತೂ ಎರಡನೇ ಸಲ ಕೇಳಲಿಲ್ಲ."

"ಐದಾಯ್ತು ಅತ್ತೆ. ಇನ್ನೊಂದು?"

ಅತ್ತೆ ಎದ್ದು ಮಹಡಿ ಮೆಟ್ಟಿಲಿನ ಹತ್ತಿರ ಹೋದರು. ಮೊದಲ ಮೆಟ್ಟಿಲ ಪಕ್ಕ, ಕಂಬಿ ಗೋಡೆಗೆ ಸೇರುವ ಕಡೆ ಬೆರಳಿಟ್ಟರು. ಬಣ್ಣದ ಕೆಳಗೆ ನಕ್ಷತ್ರ ಕೈಗೆ ಸಿಗುತ್ತಿತ್ತು.

"ನಿಮ್ಮ ನಾದಿನಿ ಹೊಟ್ಟೇಲಿದ್ಲು. ಕಂಬಿ ಅಲ್ಲಾಡಿ ಇಲ್ಲೇ ಜಾರಿದೆ. ಅವತ್ತು ಅವರ ಮುಖ ನೋಡ್ಬೇಕಿತ್ತು, ಬಿದ್ದವಳು ನಾನು, ಬೆವತವರು ಅವರು. ಸಂಜೆಗೆ ಕಂಬಿ ಗಟ್ಟಿಯಾಗಿತ್ತು. ಮಾರನೇ ದಿನದಿಂದ ಕಾರು ಕೆಟ್ಟಿದೆ ಅಂತ ನಡ್ಕೊಂಡೇ ಆಫೀಸಿಗೆ ಹೋದ್ರು. ಅದು ಕೆಟ್ಟಿದ್ದು ಇದಕ್ಕೆ. ಮಂಚ, ಶೆಲ್ಫು ಎಲ್ಲಾ ಆಮೇಲಿನವು." ಅವರು ಆ ನಕ್ಷತ್ರವನ್ನು ಬೆರಳಿನಿಂದ ಉಜ್ಜಿದರು. "ಇಷ್ಟು ಕಾಲ ಆ ಕಾರನ್ನ ಸವತಿ ಸವತಿ ಅಂತ ಬೈದೆನಲ್ಲ. ಅದನ್ನ ಕಿತ್ತು ಕಿತ್ತು ನನಗೇ ಕೊಟ್ಟಿದ್ರು. ಬಾಯಿ ಬಿಟ್ಟು ಒಂದು ಮಾತು ಹೇಳ್ಬಾರದಿತ್ತಾ?"

ಲೆನ್ಸಪ್ಪನ ಗಾಜು ಮಂಜಾಯಿತು. ಅದನ್ನು ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. ಆಮೇಲೆ ಮೆಲ್ಲಗೆ ಸ್ಪ್ಯಾನರನ್ನು ಕಂಬಿಯ ಕಡೆ ಚಾಚಿದ. ಅತ್ತೆ ಅವನ ಕೈ ಮೇಲೆ ಒಂದು ಕೊಟ್ಟರು.

"ಮಿಕ್ಕಿದ್ದೆಲ್ಲಾ ತಗೊಳ್ಳಿ. ಇದು ಮಾತ್ರ ಇಲ್ಲೇ ಇರುತ್ತೆ. ಇದು ನಂದು."

ಭಾನುವಾರ ಬೆಳಿಗ್ಗೆ ಮೊದಲು ಬಂದವರು ಮೇಲ್ವಿಚಾರಕರು. ಅವರ ಮುಖ ಸಣ್ಣಗಾಗಿತ್ತು. ಪಾರ್ಕಿನ ಬೋಲ್ಟನ್ನು ಪಾರ್ಕಿನ ಮಾಲಿಯೇ ಬಿಚ್ಚಿ ತನ್ನ ಕೈಗಾಡಿಯ ಚಕ್ರಕ್ಕೆ ಹಾಕಿಕೊಂಡಿದ್ದನಂತೆ. ಅವರು ಬೆಂಚಿನ ಬೋಲ್ಟುಗಳೆರಡನ್ನೂ ಹಿಂದಿರುಗಿಸಿದರು. ಕೂತುಕೊಳ್ಳಿ ಎಂದರೆ ಮಾತ್ರ, "ಬೇಡಮ್ಮಾ, ನಿಂತೇ ಇರ್ತೀನಿ," ಎಂದು ಗೋಡೆ ಹಿಡಿದುಕೊಂಡರು.

ಸ್ಕೂಟರ್ ಡಾಕ್ಟರು ವಾರವೆಲ್ಲಾ ಬ್ಯಾಟರಿ, ಪ್ಲಗ್ಗು, ಇಲಿ ಕಡಿದ ವಯರು ಎಂದು ಬಡಿದಾಡಿ ಉಳಿದದ್ದನ್ನು ಸಿದ್ಧಮಾಡಿದ್ದ. ಈಗ ಒಂಬತ್ತು ಬೋಲ್ಟು ಬಿಗಿದು ಕೈ ಚಾಚಿದ. ಲೆನ್ಸಪ್ಪ ಜೇಬಿನಿಂದ, ಸಂಕೋಚಕ್ಕೆ ಕೊಂಡಿದ್ದ ಆ ನಕ್ಷತ್ರವಿಲ್ಲದ ಬೋಲ್ಟನ್ನು ತೆಗೆದುಕೊಟ್ಟ.

"ಇದು ಒರಿಜಿನಲ್ ಅಲ್ಲವಲ್ಲ ಸಾರ್?"

"ಒರಿಜಿನಲ್ಲು ನಮ್ಮೆಜಮಾನ್ರು ಒಬ್ರೇ," ಎಂದರು ಅತ್ತೆ. "ಹಾಕಯ್ಯಾ ಸುಮ್ನೆ."

ಅಷ್ಟು ಹೊತ್ತಿಗೆ ಷಡ್ಡಕ ನಾದಿನಿಯ ಜೊತೆ ಗುಜರಿಯವನನ್ನೂ ಕರೆದುಕೊಂಡು ಬಂದ. ಒಳಗೆ ಹೋಗಿ ಎಂದಿನಂತೆ ಬೆಂಚಿನ ಮೇಲೆ ಕೂತ. ಬೋಲ್ಟಿಲ್ಲದೆ ಬರೀ ಜೋಡಿಸಿಟ್ಟಿದ್ದ ಬೆಂಚು ಎಂದಿನಂತೆ ಇರಲಿಲ್ಲ. ಅವನು ಬಿದ್ದ ಸದ್ದು ಷೆಡ್ಡಿನವರಿಗೆ ಕೇಳಿಸಲಿಲ್ಲ, ಯಾಕೆಂದರೆ ಅದೇ ಕ್ಷಣಕ್ಕೆ ಕಾರು ಕೆಮ್ಮಿತು. ಕೆಮ್ಮಿ, ಒಂದು ಮೋಡದಷ್ಟು ಹೊಗೆ ಬಿಟ್ಟು, ಗುರುಗುಟ್ಟತೊಡಗಿತು.

ಅತ್ತೆ ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು. ಲೆನ್ಸಪ್ಪ ಗಾಡಿ ಬೀದಿಗಿಳಿಸಿದ. ಎದುರುಮನೆಯಾಕೆ ಗೇಟಿನ ಗೋಣಿಚೀಲ ಬಿಚ್ಚುತ್ತಾ ನಿಂತು ನೋಡಿದರು. ಕಾರು ಬೀದಿಯ ತುದಿಯವರೆಗೆ ರಾಜಗಾಂಭೀರ್ಯದಿಂದ ಹೋಗಿ, ಅಲ್ಲಿ ನಿಂತುಬಿಟ್ಟಿತು. ಷಡ್ಡಕ, ಡಾಕ್ಟರು, ಗುಜರಿಯವನು ಸೇರಿ ಹಿಂದಿನಿಂದ ತಳ್ಳಿದರು.

"ನಾನು ಎಳ್ಕೊಂಡು ಹೋಗೋಕೆ ಬಂದಿದ್ದೆ, ತಳ್ಳೋಕಲ್ಲ," ಎಂದು ಗುಜರಿಯವನು ಗೊಣಗಿದ. ಷಡ್ಡಕನ ಅಂಗಿಯ ಮೇಲೆ ಹೊಗೆಯ ಕಪ್ಪು ಹಿಡಿದಿತ್ತು. ಅವನು ಅಂಗಿಯನ್ನು ನೋಡಿಕೊಳ್ಳದೆ ತಳ್ಳುತ್ತಿದ್ದ. ತಾನು ಹುಟ್ಟುವ ಮೊದಲೇ ಕಾರು ಯಾರಿಗಾಗಿ ನಿಂತಿತು ಎಂಬುದನ್ನು ನಾದಿನಿ ಅಕ್ಕನಿಂದ ಕೇಳಿ ಆಗಷ್ಟೇ ಅವನಿಗೆ ಹೇಳಿದ್ದಳು. ಒಳಗೆ ಅತ್ತೆ ನೆಟ್ಟಗೆ ಕೂತು, ಕಿಟಕಿಯ ಅಂಚನ್ನು ಸೆರಗಿನಿಂದ ಒರೆಸುತ್ತಿದ್ದರು.

ಸಂಜೆ ಎಲ್ಲರೂ ಹೋದ ಮೇಲೆ ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ರೀ, ಬೋಲ್ಟು ಕಿತ್ತ ಮೇಲೆ ಈ ಶೆಲ್ಫು ಅಲ್ಲಾಡ್ತಾ ಇದೆ. ಈಗಲೇ ಸರಿ ಮಾಡಿ. ಪಾತ್ರೆ ಇಡೋದು ಹೇಗೆ?"

"ಇವತ್ತು ಭಾನುವಾರ, ಅಂಗಡಿ ಮುಚ್ಚಿದೆ ಕಣೇ."

"ಅದೆಲ್ಲಾ ನನಗೆ ಗೊತ್ತಿಲ್ಲ. ಈಗಲೇ ಆಗ್ಬೇಕು."

ಲೆನ್ಸಪ್ಪ ಸದ್ದಿಲ್ಲದೆ ಎದ್ದು, ಸ್ಪ್ಯಾನರು ತೆಗೆದುಕೊಂಡು ಹಿತ್ತಲ ಬಾಗಿಲಿನ ಕಡೆ ನಡೆದ. ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಎಲ್ಲಿಗೆ ಅಳಿಯಂದ್ರೇ?"

"ಎಲ್ಲೂ ಇಲ್ಲ ಅತ್ತೆ. ಇಲ್ಲೇ ಒಂದು ಬೋಲ್ಟು... ಇತ್ತು..."

ಅತ್ತೆ ಅವನ ಕೈಯಿಂದ ಸ್ಪ್ಯಾನರನ್ನು ಬಿಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಅಡುಗೆಮನೆಯ ಕಡೆ ತಿರುಗಿದರು.

"ಏ ಹುಡುಗೀ, ಪಾತ್ರೆ ಕೆಳಗಿಡು. ಬೆಳಿಗ್ಗೆ ಅಂಗಡಿ ತೆಗೀತಾರೆ. ಒಂದು ರಾತ್ರಿ ಶೆಲ್ಫು ಅಲ್ಲಾಡಿದ್ರೆ ಏನೂ ಮುಳುಗಿಹೋಗಲ್ಲ."